ಕೌಂಟರಿನ ಮಾತು ಮಂಡಳಿಗೆ ಮುಟ್ಟಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಸೊಸೈಟಿಯ ನೌಕರರಿಗೆ ಹೊಳೆದದ್ದು ಆಡಳಿತ ಮಂಡಳಿಯವರೆಗೆ ಹೋಗುವುದಿಲ್ಲ. ಮಂಡಳಿಯವರು ಕೇಳಿದರೆ ನೌಕರರು ಬಾಯಿ ಬಿಡುವುದಿಲ್ಲ. ಹಾಗಾಗಿ ಬೆಳೆಸಾಲ ಮತ್ತು ಶೇರು ವರ್ಗಾವಣೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಶಿರಸಿ ತಾಲೂಕಿನ ಒಂದು ಸೇವಾ ಸಹಕಾರಿ ಸಂಘಕ್ಕೆ ಗುಮಾಸ್ತೆಯಾಗಿ ಸೇರಿ, ಮುಖ್ಯ ಕಾರ್ಯನಿರ್ವಾಹಕಳಾಗಿ (ರೂಢಿಯಲ್ಲಿ ಸೆಕ್ರೆಟರಿ ಎನ್ನುವುದು ಇದೇ ಹುದ್ದೆಗೆ) ನಿವೃತ್ತಳಾದವಳು. ಕೌಂಟರಿನಲ್ಲೂ ಮಂಡಳಿಯ ಸಭೆಯಲ್ಲೂ ಕೂತು ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ನಾನು ಒಂದು ಪತ್ತಿನ ಸಹಕಾರಿ ಸಂಘದ ಸಾಲ ವಿಭಾಗದಲ್ಲಿ ಗುಮಾಸ್ತೆ. ನಮ್ಮಲ್ಲಿ ಸಾಲ ಪಡೆದವರಲ್ಲಿ ಬೋಟಿಗೆ ಹೋಗುವವರು, ಮೀನು ಮಾರುವ ಹೆಂಗಸರು ಬಹಳ. ಜೂನ್, ಜುಲೈಯಲ್ಲಿ ಬೋಟು ಇಳಿಯುವುದಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಆಗಸ್ಟ್ ಬರುವಷ್ಟರಲ್ಲಿ ಅರ್ಧಕ್ಕರ್ಧ ಜನ ಸುಸ್ತಿ, ಅಂದರೆ ಕಂತು ಬಾಕಿ. ಕಂತನ್ನು ಹತ್ತು ತಿಂಗಳಿಗೆ ಹಂಚಿದರೆ ಹೇಗೆ ಎಂದು ಸೆಕ್ರೆಟರಿಯವರಿಗೆ ಹೇಳಿದೆ. ‘ನೋಡೋಣ’ ಎಂದರು. ಆಮೇಲೆ ಒಂದು ಮಳೆಗಾಲ ಕಳೆಯಿತು. ಅಧ್ಯಕ್ಷರಿಗೆ ನೇರವಾಗಿ ಹೇಳಿದರೆ ಸೆಕ್ರೆಟರಿಯವರಿಗೆ ಸಿಟ್ಟು ಬರುತ್ತದೆ. ಏನು ಮಾಡಲಿ?
— ಹೆಸರು ಬೇಡ, ಕಾರವಾರ

ಉತ್ತರ: ತಂಗೀ, ನಿಮ್ಮ ಯೋಚನೆ ನೂರಕ್ಕೆ ನೂರು ಸರಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ಇದು ಸರ್ಕಾರವೇ ಹಾಕಿದ ಬೇಲಿ, ತಾರೀಖು ಎಲ್ಲರಿಗೂ ಗೊತ್ತು. ಘಟ್ಟದ ಮೇಲೆ ನಾವು ಅಡಿಕೆ ಬೆಳೆಗಾರನ ಬೆಳೆಸಾಲಕ್ಕೆ ತಿಂಗಳ ಕಂತು ಕೇಳುವುದಿಲ್ಲ. ಕೊಯ್ಲಾಗಿ, ಬೇಯಿಸಿ ಒಣಗಿಸಿ, ಮಾರಿ ದುಡ್ಡು ಕೈಗೆ ಬರುವ ಕಾಲ ನೋಡಿ ವಾಯಿದೆ ಇಡುತ್ತೇವೆ. ಕಡಲಿನವರಿಗೂ ಅದೇ ನ್ಯಾಯ ಸಲ್ಲಬೇಕು.

ಆದರೆ ನೀವು ಹೇಳಿದ್ದು ಬಾಯಿಮಾತಿನಲ್ಲಿ. ಬಾಯಿಮಾತಿಗೆ ‘ನೋಡೋಣ’ ಅನ್ನುವುದು ಸುಲಭ. ಈಗ ಒಂದು ಪುಟ ಬರೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಮೊದಲ ಸಾಲಿನಲ್ಲೇ ‘ಇದು ಬಡ್ಡಿ ಮನ್ನಾ ಅಲ್ಲ, ಎರಡು ತಿಂಗಳೂ ಬಡ್ಡಿ ಓಡುತ್ತದೆ’ ಎಂದು ಹಾಕಿ. ಮಂಡಳಿಯವರ ಮೊದಲ ಹೆದರಿಕೆ ಅದೇ, ಅದನ್ನು ಬಾಗಿಲಲ್ಲೇ ತೆಗೆದುಬಿಡಿ. ಆಮೇಲೆ ನಿಮ್ಮ ಖಾತೆಪುಸ್ತಕದಿಂದ ಮೂರು ಸಂಖ್ಯೆ ತೆಗೆಯಿರಿ: ಮೀನುಗಾರ ಕುಟುಂಬಗಳ ಸಾಲಖಾತೆ ಎಷ್ಟು, ಅದರಲ್ಲಿ ಜುಲೈ ಅಖೇರಿಗೆ ಸುಸ್ತಿಯಾದದ್ದು ಎಷ್ಟು, ಹಾಗೆ ಸುಸ್ತಿಯಾದವರಲ್ಲಿ ಅಕ್ಟೋಬರ್ ಅಖೇರಿಯೊಳಗೆ ತಾವಾಗಿಯೇ ಕಟ್ಟಿದವರು ಎಷ್ಟು. ಮೂರನೆಯ ಸಂಖ್ಯೆ ಬಹಳ ಮುಖ್ಯ. ಈ ಜನ ಕೊಡಲಾರದವರಲ್ಲ, ಆ ಎರಡು ತಿಂಗಳು ಮಾತ್ರ ಕೊಡಲಾಗದವರು ಎಂದು ನೀವು ಬರಿಮಾತಿನಲ್ಲಿ ಹೇಳುವುದನ್ನು ಆ ಸಂಖ್ಯೆ ತೋರಿಸಿಕೊಡುತ್ತದೆ. ಕೆಳಗೆ ಒಂದು ಲೆಕ್ಕದ ಉದಾಹರಣೆ ಕೊಡಿ. ವರ್ಷಕ್ಕೆ 60,000 ರೂಪಾಯಿ ಅಸಲು ಕಟ್ಟಬೇಕಾದವರಿಗೆ ಈಗ ತಿಂಗಳಿಗೆ 5,000. ಹತ್ತು ಕಂತಾದರೆ 6,000. ಮೀನು ಬರುವ ತಿಂಗಳಲ್ಲಿ ಸಾವಿರ ಹೆಚ್ಚು ಕಟ್ಟುವುದು ಅವರಿಗೆ ಕಷ್ಟವಾಗುವುದಿಲ್ಲ.

ಹೊಸ ಸಾಲಗಳಿಗೆ ಮಾತ್ರ ಅನ್ವಯಿಸಿ ಎಂದೂ ಸೇರಿಸಿ. ಹಳೆ ಸಾಲದ ಕಂತು ಬದಲಿಸಬೇಕಾದರೆ ಜಾಮೀನುದಾರರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಬೇಕು. ಅವರಿಗೆ ಹೇಳದೆ ಸಾಲದ ಕರಾರು ಬದಲಿಸಿದರೆ, ಆಮೇಲಿನ ವ್ಯವಹಾರದ ಹೊಣೆಯಿಂದ ಜಾಮೀನುದಾರ ಬಿಡುಗಡೆಯಾಗುತ್ತಾನೆ. 1872ರ ಕರಾರು ಕಾಯಿದೆ ಹೇಳುವುದು ಹಾಗೆ. ಈ ಸೂಕ್ಷ್ಮ ನಿಮಗೆ ಗೊತ್ತಿದೆ ಎಂದು ಕಂಡರೆ ಸೆಕ್ರೆಟರಿಯವರು ಕಾಗದವನ್ನು ಹಗುರವಾಗಿ ನೋಡುವುದಿಲ್ಲ.

ಸೆಕ್ರೆಟರಿಯವರ ಸಿಟ್ಟಿನ ವಿಷಯ. ಅವರನ್ನು ದಾಟಿ ಹೋಗಬೇಡಿ. ಸುಸ್ತಿ ಯಾದಿ ಹಿಡಿದು ಮಂಡಳಿಯ ಮುಂದೆ ಉತ್ತರ ಕೊಡುವವರು ಅವರೇ, ಲೆಕ್ಕಪರಿಶೋಧಕರು ಕೇಳುವುದೂ ಅವರನ್ನೇ. ಹತ್ತು ಕಂತಿನ ಸಾಲದಲ್ಲಿ ಜೂನ್, ಜುಲೈಗೆ ಕಂತೇ ಇಲ್ಲವಾದ್ದರಿಂದ ಆ ಖಾತೆಗಳು ಸುಸ್ತಿ ಯಾದಿಗೆ ಬರುವುದೇ ಇಲ್ಲ. ಇದನ್ನು ಅವರಿಗೆ ಮೊದಲು ತೋರಿಸಿ. ಕಾಗದವನ್ನು ‘ಮುಖ್ಯ ಕಾರ್ಯನಿರ್ವಾಹಕರ ಮುಖಾಂತರ ಮಾನ್ಯ ಅಧ್ಯಕ್ಷರಿಗೆ’ ಎಂದು ಬರೆದು, ಬಂದ ಕಾಗದ ದಾಖಲಿಸುವ ಆವಕ ಪುಸ್ತಕದಲ್ಲಿ ನಂಬರು ಹಾಕಿಸಿ. ನಂಬರು ಬಿದ್ದ ಕಾಗದಕ್ಕೆ ಒಂದು ದಿನ ಯಾರಾದರೂ ಉತ್ತರ ಬರೆಯಲೇಬೇಕು.

ಇನ್ನೊಂದು ತಿಳಿವಳಿಕೆ, ಎಲ್ಲ ನೌಕರರಿಗೂ ಬೇಕಾದದ್ದು. ಸಲಹೆ ಕೊಡುವ ಮೊದಲು ಅದನ್ನು ಜಾರಿ ಮಾಡುವ ಅಧಿಕಾರ ಯಾರಿಗಿದೆ ಎಂದು ನೋಡಿಕೊಳ್ಳಿ. ಚಲನ್ ತುಂಬುವ ಮೇಜು ಎಲ್ಲಿರಬೇಕು ಎನ್ನುವಂಥದ್ದು ಸೆಕ್ರೆಟರಿಯವರ ಒಂದು ಮಾತಿನಲ್ಲಿ ಆಗುತ್ತದೆ. ಕಂತಿನ ಕ್ರಮ, ಸಾಲದ ನಿಯಮ ಇವಕ್ಕೆ ಮಂಡಳಿಯ ಠರಾವು, ಅಂದರೆ ನಿರ್ಣಯ, ಬೇಕು. ಸಂಘದ ಉಪವಿಧಿಯೇ (ಬೈಲಾ) ತಿದ್ದಬೇಕಾದರೆ ಸರ್ವಸಾಧಾರಣ ಸಭೆ ಒಪ್ಪಬೇಕು, ಸಹಕಾರ ಇಲಾಖೆಯಲ್ಲಿ ನೋಂದಣಿಯೂ ಆಗಬೇಕು. ನಿಮ್ಮದು ಎರಡನೆಯ ಬಗೆ. ಮಾರ್ಚ್ ಗಲಾಟೆ ಮುಗಿದು ಏಪ್ರಿಲ್ ಸಭೆಗೆ ಇದು ಬಂದರೆ ಮುಂದಿನ ಮಳೆಗಾಲಕ್ಕೆ ಹೊಸ ಸಾಲಗಳಾದರೂ ಸರಿಹೋಗುತ್ತವೆ.

ಪ್ರಶ್ನೆ: ನಾನು ಒಂದು ಸೇವಾ ಸಹಕಾರಿ ಸಂಘದ ಅಧ್ಯಕ್ಷ. ನೌಕರರಿಂದ ಸಲಹೆ ಬರಲಿ ಎಂದು ಕಚೇರಿಯಲ್ಲಿ ಪೆಟ್ಟಿಗೆ ಇಟ್ಟೆವು. ವರ್ಷವಾದರೂ ಒಂದು ಚೀಟಿ ಬಿದ್ದಿಲ್ಲ. ಸಭೆ ಕರೆದು ಕೇಳಿದರೆ ಎಲ್ಲರೂ ‘ಎಲ್ಲಾ ಸರಿ ಇದ್ದು’ ಎನ್ನುತ್ತಾರೆ. ನಿಜಕ್ಕೂ ಅವರಿಗೆ ಹೇಳುವುದು ಏನೂ ಇಲ್ಲವೇ?
— ಅಧ್ಯಕ್ಷರು, ಶಿರಸಿ ತಾಲೂಕು

ಉತ್ತರ: ಬೇಕಾದಷ್ಟು ಇದೆ, ಹೆಗಡೇರೆ. ನಿಮ್ಮೆದುರು ಹೇಳುವುದಿಲ್ಲ, ಅಷ್ಟೆ.

ನಮ್ಮ ಊರುಗಳಲ್ಲಿ ಮಂಡಳಿ ಬೇರೆ, ನೌಕರರು ಬೇರೆ ಎಂದು ಇರುವುದಿಲ್ಲ. ಕ್ಯಾಶಿಯರ್ ಹುಡುಗ ನಿರ್ದೇಶಕರೊಬ್ಬರ ತಂಗಿಯ ಮಗ. ಅಟೆಂಡರನ ಅಪ್ಪ ಅಧ್ಯಕ್ಷರ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಹೋಗುವವ. ಮನೆಯಂಗಳದ ಮೇಲು ಕೆಳಗು ಕಚೇರಿಯೊಳಗೂ ಬಂದು ಕೂರುತ್ತದೆ. ಇಂಥಲ್ಲಿ ಸಂಘದ ಕೆಲಸದಲ್ಲಿ ಕೊರತೆ ತೋರಿಸಿದರೆ ಅದು ಮನೆಗೆ ಹೋಗಿ ಮುಟ್ಟುತ್ತದೆ ಎಂಬ ಅಂಜಿಕೆ ಸಹಜ. ಪೆಟ್ಟಿಗೆಗೆ ಚೀಟಿ ಹಾಕಿದರೂ ಹತ್ತು ಜನರ ಕಚೇರಿಯಲ್ಲಿ ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ಗೊತ್ತಾಗುತ್ತದೆ. ಪೆಟ್ಟಿಗೆಯನ್ನು ತೆಗೆದುಬಿಡಿ.

ನಾನಿದ್ದ ಸಂಘದಲ್ಲಿ ನಡೆದದ್ದು ಹೇಳುತ್ತೇನೆ. ಪಿಂಚಣಿ, ಠೇವಣಿ ಬಡ್ಡಿ ತೆಗೆಯಲು ವಯಸ್ಸಾದ ಹೆಂಗಸರು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬ್ಯಾಂಕಿನಿಂದ ನಗದು ಬಂದು ಕೌಂಟರ್ ತೆರೆಯುವಾಗ ಹನ್ನೊಂದು ದಾಟುತ್ತಿತ್ತು. ಅವರ ಊರಿಗೆ ವಾಪಸ್ ಹೋಗುವ ಬಸ್ಸು ಹನ್ನೊಂದೂವರೆಗೆ. ಅದು ತಪ್ಪಿದರೆ ಮಧ್ಯಾಹ್ನ ಮೂರರವರೆಗೆ ಕಟ್ಟೆಯ ಮೇಲೆ, ಊಟವಿಲ್ಲದೆ. ಇದು ಸೆಕ್ರೆಟರಿಗೆ ಕಾಣುತ್ತಿರಲಿಲ್ಲ, ಮಂಡಳಿಯವರಿಗಂತೂ ಇಲ್ಲವೇ ಇಲ್ಲ; ಅವರ ಸಭೆ ಮಧ್ಯಾಹ್ನ. ಕಂಡದ್ದು ಅಟೆಂಡರನಿಗೆ. ಅವನೇ ಅವರಿಗೆ ನೀರು ಕೊಡುವವ. ಒಬ್ಬ ನಿರ್ದೇಶಕರು ತಮ್ಮದೇ ಕೆಲಸಕ್ಕೆ ಬಂದು ಬೆಂಚಿನ ಮೇಲೆ ಅವರ ಜೊತೆ ಕೂತಿದ್ದಾಗ ಅಟೆಂಡರ್ ಮೆಲ್ಲಗೆ ಹೇಳಿದ: ‘ಹಿಂದಿನ ದಿನದ ಕ್ಯಾಶಿನಲ್ಲಿ ಸ್ವಲ್ಪ ಉಳಿಸ್ಕಂಡ್ರೆ ಇವ್ರು ಬಸ್ಸು ಹಿಡೀತಿದ್ರು.’ ಅದು ಸಭೆಗೆ ಬಂತು. ತಿಜೋರಿಯಲ್ಲಿ ಎಷ್ಟು ಹಣ ಇಡಬಹುದು, ವಿಮೆ ಎಷ್ಟಕ್ಕಿದೆ ಎಂದು ನೋಡಿ, ಆ ಮಿತಿಯೊಳಗೆ ರಾತ್ರಿ ನಗದು ಉಳಿಸಿಕೊಳ್ಳಲು ಠರಾವು ಮಾಡಿದೆವು. ಹತ್ತೂವರೆಗೆ ಪಾವತಿ ಶುರುವಾಯಿತು. ಖರ್ಚು ಏನೂ ಇಲ್ಲ. ಠರಾವಿನಲ್ಲಿ ‘ಸಿಬ್ಬಂದಿಯ ಸಲಹೆಯ ಮೇರೆಗೆ’ ಎಂದಿಷ್ಟೇ ಬರೆಯಬಹುದಿತ್ತು. ಅಧ್ಯಕ್ಷರು ಅಟೆಂಡರನ ಹೆಸರನ್ನೇ ಬರೆಸಿದರು. ಆ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು.

ನಿಮ್ಮ ನಿರ್ದೇಶಕರು ಸರದಿಯ ಮೇಲೆ ತಿಂಗಳಿಗೆ ಒಂದು ಬೆಳಿಗ್ಗೆ ಬಂದು ಸದಸ್ಯರ ಬೆಂಚಿನ ಮೇಲೆ ಕೂರಲಿ. ಅಧ್ಯಕ್ಷರ ಚೇಂಬರಿನಲ್ಲಿ ಕೂರುವುದು ಬೇಡ. ಮಾರ್ಚಿನಲ್ಲಿ ಬೆಳೆಸಾಲ ನವೀಕರಣದ ಜಂಗುಳಿ ಇರುವಾಗ ಬಂದರೆ ಇನ್ನೂ ಒಳ್ಳೆಯದು. ಪಹಣಿ ಹಿಡಿದು ನಿಂತ ರೈತ ಒಂದೇ ಸಹಿಗೆ ಎಷ್ಟು ಸಲ ಓಡಾಡುತ್ತಾನೆ ಎಂದು ಅಲ್ಲಿ ಕಾಣುತ್ತದೆ. ನೌಕರರ ಸಭೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಲಿ, ನೀವು ಕೊನೆಗೆ. ನೀವು ಮೊದಲು ಅಭಿಪ್ರಾಯ ಹೇಳಿದರೆ ಆಮೇಲೆ ಎಲ್ಲರದ್ದೂ ಅದೇ ಅಭಿಪ್ರಾಯ.

ಎಲ್ಲಕ್ಕಿಂತ ದೊಡ್ಡದು, ಮಂಡಳಿಯ ಸಭಾ ನೋಟೀಸಿನಲ್ಲಿ ‘ಸಿಬ್ಬಂದಿಯ ಸಲಹೆಗಳು’ ಎಂದು ಒಂದು ಕಾಯಂ ವಿಷಯ ಸೇರಿಸಿ. ಹಿಂದಿನ ಸಭೆಯ ನಡಾವಳಿ ಓದಿ, ಜಮಾ-ಖರ್ಚು ಮುಗಿದ ಕೂಡಲೇ ಅದು ಬರಲಿ. ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯ’ದಲ್ಲಿ ಸೇರಿಸಿದರೆ ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಏಳುತ್ತಿರುತ್ತಾರೆ. ಬಂದ ಪ್ರತಿ ಸಲಹೆಗೂ ಆ ಸಭೆಯಲ್ಲೇ ಉತ್ತರ ಬೇಕು: ಮಾಡುತ್ತೇವೆ, ಇಂಥ ತಿಂಗಳವರೆಗೆ ಮಾಡಿ ನೋಡುತ್ತೇವೆ, ಅಥವಾ ಇಂಥ ಕಾರಣಕ್ಕೆ ಆಗುವುದಿಲ್ಲ. ನನ್ನ ಅನುಭವದಲ್ಲಿ ‘ಆಗುವುದಿಲ್ಲ’ ಎಂಬ ಉತ್ತರ ನೌಕರರನ್ನು ಕುಗ್ಗಿಸುವುದಿಲ್ಲ. ಉತ್ತರವೇ ಬಾರದಿರುವುದು ಕುಗ್ಗಿಸುತ್ತದೆ.

ಪ್ರಶ್ನೆ: ನಾನು ಪಿಗ್ಮಿ ಏಜೆಂಟ್. ಪೇಟೆಯ ಅಂಗಡಿಗಳಲ್ಲಿ ಈಗ ಸಂಜೆ ನಗದು ಇರುವುದಿಲ್ಲ, ಎಲ್ಲ ಫೋನಿನಲ್ಲಿ ಬರುತ್ತದೆ. ‘ಸ್ಕ್ಯಾನ್ ಮಾಡಿ ಹಾಕ್ತೆ’ ಎನ್ನುತ್ತಾರೆ, ಸಂಘದಲ್ಲಿ ಆ ಅನುಕೂಲ ಇಲ್ಲ. ನಾನು ಕಮಿಷನ್ ಮೇಲೆ ಇರುವವ, ನೌಕರನೂ ಅಲ್ಲ. ನನ್ನ ಮಾತು ಯಾರು ಕೇಳುತ್ತಾರೆ?
— ಕುಮಟಾ

ಉತ್ತರ: ನಿಮ್ಮ ಮಾತನ್ನು ಎಲ್ಲರಿಗಿಂತ ಮೊದಲು ಕೇಳಬೇಕು. ದಿನಾ ಸಂಜೆ ಅಷ್ಟು ಅಂಗಡಿಗಳ ಮೆಟ್ಟಿಲು ಹತ್ತುವವರು ಸಂಘದಲ್ಲಿ ಬೇರೆ ಯಾರಿದ್ದಾರೆ? ಪಿಗ್ಮಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಎತ್ತುವ ಈ ಪದ್ಧತಿ ತಂದಿತು. ಬ್ಯಾಂಕಿನ ಬಾಗಿಲು ನೋಡದ ಜನರ ಬಳಿಗೆ ಬ್ಯಾಂಕೇ ಹೋಯಿತು. ಆ ಜನರ ಕೈಯ ಹಣದ ರೂಪ ಈಗ ಬದಲಾದರೆ ಪದ್ಧತಿಯೂ ಬದಲಾಗಬೇಕು.

ಸಂಘದ ಖಾತೆ ಇರುವ ಬ್ಯಾಂಕಿನಿಂದ ಸಂಘದ ಹೆಸರಿನ ಕ್ಯೂಆರ್ ಫಲಕ ತರಿಸಬಹುದೇ ಎಂದು ಸೆಕ್ರೆಟರಿಯವರು ವಿಚಾರಿಸಲಿ. ಹಣ ನೇರ ಸಂಘದ ಖಾತೆಗೇ ಬೀಳಬೇಕು. ನಿಮ್ಮ ಸ್ವಂತ ನಂಬರಿಗೆ ಹಾಕಿಸಿಕೊಂಡು ಆಮೇಲೆ ಕಟ್ಟುವ ದಾರಿಯನ್ನು ಯಾರು ಸೂಚಿಸಿದರೂ ಒಪ್ಪಬೇಡಿ. ನಾಳೆ ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ತಲೆಗೆ ಬರುವುದು ನಿಮಗೇ. ಹಾಗೆಯೇ, ಫೋನಿನಲ್ಲಿ ಬಂದ ಹಣಕ್ಕೂ ನಿಮ್ಮ ಕಮಿಷನ್ ಸಲ್ಲಬೇಕೆಂದು ಅದೇ ಠರಾವಿನಲ್ಲಿ ಬರೆಸಿಕೊಳ್ಳಿ. ಅದನ್ನು ಕೇಳಲು ಸಂಕೋಚ ಬೇಡ. ಸಲಹೆ ಕೊಟ್ಟವನಿಗೇ ಹೊಟ್ಟೆಗೆ ಹೊಡೆತ ಬಿದ್ದರೆ ಆ ಸಂಘದಲ್ಲಿ ಇನ್ನೊಬ್ಬ ಏಜೆಂಟ್ ಸಲಹೆ ಕೊಡುವುದಿಲ್ಲ. ಅಧ್ಯಕ್ಷರಿಗೂ ಇದನ್ನು ಹೀಗೇ ಹೇಳಬಹುದು.

ಪ್ರಶ್ನೆ: ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳಲ್ಲಿ ನೌಕರರ ಹೊಸ ಯೋಚನೆಗಳನ್ನು ಮೇಲಿನವರಿಗೆ ಮುಟ್ಟಿಸಲು ಪ್ರತ್ಯೇಕ ಕಾರ್ಯಕ್ರಮಗಳಿವೆ ಎಂದು ಕೇಳಿದೆ. ನಮ್ಮ ಜಿಲ್ಲೆಯ ಸೊಸೈಟಿಗಳಿಗೆ ಅದು ಹೊಂದುತ್ತದೆಯೇ?
— ಯುವ ನೌಕರ, ಹೊನ್ನಾವರ

ಉತ್ತರ: ಕ್ರೆಡಿಟ್ ಯೂನಿಯನ್ ಎಂದರೆ ನಮ್ಮ ಪತ್ತಿನ ಸಂಘದ ಬಂಧುವೇ: ಸದಸ್ಯರದ್ದೇ ಠೇವಣಿ, ಸದಸ್ಯರಿಗೇ ಸಾಲ, ಸದಸ್ಯರೇ ಆರಿಸಿದ ಮಂಡಳಿ. ಅಲ್ಲಿ ಅದನ್ನು ಬೆಳೆಸಿದವರಲ್ಲಿ ಎಡ್ವರ್ಡ್ ಫೈಲೀನ್ ಎಂಬ ಬಾಸ್ಟನ್ನಿನ ವ್ಯಾಪಾರಿ ಮುಖ್ಯರು. ತಮ್ಮ ಅಂಗಡಿಯ ನಿಯಮಗಳ ಬಗ್ಗೆ ನೌಕರರಿಗೂ ಮಾತಾಡುವ ಹಕ್ಕು ಇರಬೇಕೆಂದು ನೌಕರರ ಸಂಘಕ್ಕೆ ಬೆಂಬಲ ಕೊಟ್ಟವರು ಅವರು. 1907ರಲ್ಲಿ ಭಾರತಕ್ಕೆ ಬಂದಾಗ ಹಳ್ಳಿಗಳ ಸಹಕಾರಿ ಪತ್ತಿನ ಸಂಘಗಳನ್ನು ಕಂಡರು, ಬಹಳ ಮೆಚ್ಚಿದರು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘಕ್ಕೆ ಆಗ ಎರಡೇ ವರ್ಷ. 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕ್ರೆಡಿಟ್ ಯೂನಿಯನ್ ಕಾನೂನು ಮಾಡಿದ್ದರಲ್ಲಿ ಫೈಲೀನರ ಪಾಲು ದೊಡ್ಡದು. ಆದ್ದರಿಂದ ಅಲ್ಲಿಂದ ಏನಾದರೂ ಕಲಿಯುವುದಕ್ಕೆ ನಮಗೆ ಹಿಂಜರಿಕೆ ಬೇಡ. ಅವರೂ ಇಲ್ಲಿಂದ ಕಲಿತವರು.

ಫೈಲೀನರ ಹೆಸರಿನ ಸಂಶೋಧನಾ ಸಂಸ್ಥೆಯೊಂದು ಅಲ್ಲಿದೆ. ಬೇರೆ ಬೇರೆ ಕ್ರೆಡಿಟ್ ಯೂನಿಯನ್‌ಗಳ ಉತ್ಸಾಹಿ ನೌಕರರನ್ನು ಆರಿಸಿ, ಸಣ್ಣ ತಂಡ ಮಾಡಿ, ಸದಸ್ಯರ ಒಂದು ನಿಜವಾದ ತೊಂದರೆಗೆ ದಾರಿ ಹುಡುಕಲು ಬಿಡುತ್ತಾರೆ. ಹುಡುಕಿದ್ದನ್ನು ಸಣ್ಣದಾಗಿ ಮಾಡಿ ನೋಡಿ, ಫಲಿತಾಂಶವನ್ನು ಮುಖಂಡರ ಮುಂದೆ ಇಡುತ್ತಾರೆ. ಇದರಲ್ಲಿ ನಾವು ಎತ್ತಿಕೊಳ್ಳಬೇಕಾದದ್ದು ಈ ವಿಧಾನವನ್ನು. ಅವರ ಯೋಜನೆಗಳನ್ನು ಹಾಗೆಹಾಗೇ ತಂದರೆ ಕೆಲವು ಇಲ್ಲಿ ಕೂಡುವುದಿಲ್ಲ. ಮಿಷಿಗನ್ ರಾಜ್ಯದಲ್ಲಿ 2009ರಲ್ಲಿ ಎಂಟು ಕ್ರೆಡಿಟ್ ಯೂನಿಯನ್‌ಗಳು ಸೇರಿ, 25 ಡಾಲರ್ ಉಳಿಸಿದವರಿಗೆಲ್ಲ ಒಂದೊಂದು ಚೀಟಿಯಂತೆ ಕೊಟ್ಟು, ಒಂದು ಲಕ್ಷ ಡಾಲರ್ ಬಹುಮಾನ ಎತ್ತುವ ಉಳಿತಾಯ ಯೋಜನೆ ತಂದವು. ಅಲ್ಲಿ ಜನ ಮೆಚ್ಚಿದರು. ನಮ್ಮಲ್ಲಿ ಹಣ ಕಟ್ಟಿಸಿಕೊಂಡು ಅದೃಷ್ಟದ ಚೀಟಿಯಲ್ಲಿ ಬಹುಮಾನ ಕೊಡುವ ಯೋಜನೆಗಳಿಗೆ 1978ರ ಬಹುಮಾನ ಚೀಟಿ ನಿಷೇಧ ಕಾಯಿದೆ ಅಡ್ಡ ಬರುತ್ತದೆ. ಅದರ ಗೊಡವೆ ಬೇಡ.

ವಿಧಾನ ಮಾತ್ರ ನಮಗೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ಒಂದೊಂದು ಸೊಸೈಟಿಯಲ್ಲಿ ಇರುವವರೇ ಕೆಲವು ಜನ, ಆದ್ದರಿಂದ ಜಿಲ್ಲಾ ಮಟ್ಟದಲ್ಲಿ ಸೇರಬೇಕು. ಭಟ್ಕಳದ ಕ್ಯಾಶಿಯರ್, ಸಿದ್ದಾಪುರದ ಸಾಲದ ಗುಮಾಸ್ತೆ, ಅಂಕೋಲಾದ ಪಿಗ್ಮಿ ಏಜೆಂಟ್ ಒಂದು ಮೇಜಿಗೆ ಕೂತರೆ, ತನ್ನ ಅಧ್ಯಕ್ಷರು ಎದುರಿಗಿಲ್ಲದ ಕಾರಣ ಪ್ರತಿಯೊಬ್ಬರೂ ಬಿಚ್ಚಿ ಮಾತಾಡುತ್ತಾರೆ. ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ ಇದ್ದೇ ಇದೆ. ಏಳು ದಿನ ಧ್ವಜಾರೋಹಣ, ಭಾಷಣ, ಸನ್ಮಾನ ನಡೆಯುತ್ತವೆ. ನೌಕರರು ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ, ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಇದು ನನಗೆ ಪ್ರತಿ ವರ್ಷ ನೋವು ತರುತ್ತದೆ. ಅದರಲ್ಲಿ ಅರ್ಧ ದಿನವನ್ನು ನೌಕರರಿಗೆ ಬಿಟ್ಟುಕೊಡಿ, ವೇದಿಕೆಯ ಮೇಲೆ ಅವರು ಇರಲಿ, ಅಧ್ಯಕ್ಷರುಗಳು ಕೆಳಗೆ ಕೂತು ಕೇಳಲಿ ಎಂದು ಸಪ್ತಾಹ ನಡೆಸುವವರಿಗೆ ನಾನು ಈ ಅಂಕಣದ ಮೂಲಕ ಕೈಮುಗಿದು ಕೇಳುತ್ತೇನೆ. ಈಗ ಪ್ರಾಥಮಿಕ ಸಂಘಗಳ ಗಣಕೀಕರಣ ನಡೆದಿದೆ. ಕೇಂದ್ರ ಸರ್ಕಾರ 2022ರಲ್ಲಿ ಮಂಜೂರು ಮಾಡಿದ ಯೋಜನೆ ಅದು. ಹೊಸ ತಂತ್ರಾಂಶದಲ್ಲಿ ಎಲ್ಲಿ ಕೈ ಕಟ್ಟುತ್ತದೆ ಎಂದು ಗೊತ್ತಿರುವುದು ಅದರ ಮುಂದೆ ಕೂತವರಿಗೆ ಮಾತ್ರ. ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಬಹುದು.

ಪ್ರಶ್ನೆ: ಸಂಘ ನಡೆಸುವುದು ಚುನಾಯಿತ ಮಂಡಳಿ. ನೌಕರರು ಸಲಹೆ ಕೊಡಲು ಶುರು ಮಾಡಿದರೆ ಮಂಡಳಿಯ ಅಧಿಕಾರದಲ್ಲಿ ಕೈ ಹಾಕಿದಂತೆ ಆಗುವುದಿಲ್ಲವೇ? ಒಳ್ಳೆಯ ಸಲಹೆಗೆ ನಗದು ಬಹುಮಾನ ಕೊಡಬಹುದೇ?
— ನಿರ್ದೇಶಕರು, ಅಂಕೋಲಾ

ಉತ್ತರ: ಆಗುವುದಿಲ್ಲ. ನಿರ್ಧಾರ ನಿಮ್ಮದೇ, ನಾಯ್ಕರೆ. 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ ಒಪ್ಪಿದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ, ಮಾಹಿತಿಯ ಬಗ್ಗೆ. ಸದಸ್ಯರು, ಚುನಾಯಿತ ಪ್ರತಿನಿಧಿಗಳು, ವ್ಯವಸ್ಥಾಪಕರು, ನೌಕರರು ಎಲ್ಲರೂ ಸಂಘದ ಬೆಳವಣಿಗೆಗೆ ತಮ್ಮ ಪಾಲು ಕೊಡುವಂತಾಗಲಿ ಎಂಬುದೇ ಅದರ ಉದ್ದೇಶ. ಆ ಸಾಲಿನಲ್ಲಿ ನೌಕರರ ಹೆಸರು ಬಿಟ್ಟಿಲ್ಲ.

ನಗದಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ನಾಲ್ಕು ಜನ ಸೇರಿ ಮಾತಾಡುವಾಗ ಹುಟ್ಟಿದ ಯೋಚನೆ ಬಹುಮಾನದ ಆಸೆಗೆ ಒಬ್ಬನ ಜೇಬಿಗೆ ಹೋಗುತ್ತದೆ, ಉಳಿದ ಮೂವರು ಮುಂದಿನ ಸಲ ಬಾಯಿ ಮುಚ್ಚುತ್ತಾರೆ. ನಡಾವಳಿಯಲ್ಲಿ ಎಲ್ಲರ ಹೆಸರು ಬರಲಿ, ಸರ್ವಸಾಧಾರಣ ಸಭೆಯ ವರದಿಯಲ್ಲಿ ಎರಡು ಸಾಲು ಬರಲಿ, ಸಭೆಯಲ್ಲಿ ಅದನ್ನು ನೀವೇ ಓದಿ ಹೇಳಿ. ಸದಸ್ಯರ ಎದುರು ಊರಿನವರು ಕೇಳುವಂತೆ ಹೆಸರು ಬಂದದ್ದಕ್ಕೆ ಬೆಲೆ ಹೆಚ್ಚು. ಆ ನೌಕರರನ್ನು ತರಬೇತಿಗೆ ಕಳಿಸುವ ಖರ್ಚು ಸಂಘ ವಹಿಸಿಕೊಂಡರೆ ಇನ್ನೂ ಮೇಲು.

ಪ್ರಶ್ನೆ: ನಾನು ಕೊಟ್ಟ ಸಲಹೆಯನ್ನು ಮಂಡಳಿ ತಿರಸ್ಕರಿಸಿತು. ವಾರಕ್ಕೊಂದು ದಿನ ದೂರದ ಮಜಿರೆಗೆ ಹೋಗಿ ಠೇವಣಿ, ಸಾಲದ ಕೆಲಸ ಮಾಡಿಕೊಡೋಣ ಎಂದಿದ್ದೆ. ‘ಖರ್ಚು ಹೆಚ್ಚು’ ಎಂದು ಬರೆದರು. ಇನ್ನು ಸುಮ್ಮನಿರಲೇ?
— ಯಲ್ಲಾಪುರ

ಉತ್ತರ: ಕಾರಣ ಬರೆದುಕೊಟ್ಟಿದ್ದಾರೆ, ಅಂದರೆ ಕಾಗದವನ್ನು ಓದಿದ್ದಾರೆ. ಖರ್ಚು ಎಷ್ಟಾಗುತ್ತದೆಂದು ನಿಮ್ಮ ಕಾಗದದಲ್ಲಿ ಇತ್ತೇ? ಇಲ್ಲದಿದ್ದರೆ ಈಗ ತೆಗೆಯಿರಿ: ಬೈಕಿನ ಪೆಟ್ರೋಲು, ಅರ್ಧ ದಿನದ ಸಂಬಳ, ನಗದು ಒಯ್ಯುವುದಿದ್ದರೆ ಅದರ ವಿಮೆ. ಎದುರಿಗೆ ಆ ಮಜಿರೆಯಿಂದ ಬರುವ ಠೇವಣಿ ಮತ್ತು ವಸೂಲಿ. ವಾರಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ, ಅದೂ ಮೂರು ತಿಂಗಳ ಮಟ್ಟಿಗೆ, ನಗದು ಇಲ್ಲದೆ ಬರೀ ಅರ್ಜಿ ಮತ್ತು ಸಹಿಯ ಕೆಲಸಕ್ಕೆ ಎಂದು ಕೇಳಿ ನೋಡಿ. ಹೊಸ ವರ್ಷದ ಅಂದಾಜುಪತ್ರಿಕೆ ಮಾರ್ಚಿನಲ್ಲಿ ಮಂಡಳಿಯ ಮುಂದೆ ಬರುತ್ತದೆ. ಆ ಸಭೆಯ ನೋಟೀಸು ಹೊರಡುವ ಮೊದಲು ನಿಮ್ಮ ಕಾಗದ ಸೆಕ್ರೆಟರಿಯವರ ಮೇಜಿನ ಮೇಲಿರಲಿ.